ಕೇಳಿದ ದನಿ ಯಾರ ಸೊತ್ತು?

ಮಲೆನಾಡಿನಲ್ಲಿ ಕಾಫಿ ಕೊಯ್ಲಿನ ಕಾಲವೂ ಯಕ್ಷಗಾನ ಮೇಳಗಳ ತಿರುಗಾಟದ ಕಾಲವೂ ಹೆಚ್ಚುಕಡಿಮೆ ಒಂದೇ. ದೀಪಾವಳಿ ಕಳೆಯುತ್ತಿದ್ದಂತೆ ಅರೇಬಿಕಾ ಹಣ್ಣಾಗತೊಡಗುತ್ತದೆ, ಅದರ ಬೆನ್ನಿಗೇ ರೊಬಸ್ಟಾ. ಘಟ್ಟದ ಕೆಳಗಿನ ಮೇಳಗಳು ಗೆಜ್ಜೆ ಕಟ್ಟುವುದೂ ಆ ಹೊತ್ತಿಗೇ. ಗೆಜ್ಜೆ ಬಿಚ್ಚುವುದು ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುಂಚೆ. ಹಾಗಾಗಿ ಮೂಡಿಗೆರೆ, ಕಳಸ, ಬಾಳೆಹೊನ್ನೂರು, ಕೊಪ್ಪದ ಕಡೆಗಳಲ್ಲಿ ಕೊಯ್ಲಿನ ಕೂಲಿ ಕೈಸೇರುವ ದಿನಗಳಲ್ಲೇ ಆಟದ ಟೆಂಟೂ ಊರಿಗೆ ಬರುತ್ತಿತ್ತು. ತೋಟದ ಲೈನುಗಳಲ್ಲಿ ವಾಸವಿದ್ದ ತುಳು ಮಾತಿನವರು, ಕುಂದಾಪುರದ ಕಡೆಯವರು, ಪೇಟೆಯಲ್ಲಿ ಅಂಗಡಿ ಇಟ್ಟ ಬ್ಯಾರಿಗಳು, ತೋಟದ ಧಣಿಗಳು ಎಲ್ಲರೂ ಚಳಿಗೆ ಕಂಬಳಿ ಹೊದ್ದು ಒಂದೇ ಚಪ್ಪರದಡಿ ಬೆಳಗಿನವರೆಗೆ ಕೂರುತ್ತಿದ್ದರು. ಕುರ್ಚಿ ಯಾರಿಗೆ, ನೆಲ ಯಾರಿಗೆ ಎಂಬ ಭೇದ ಇತ್ತು. ಆದರೆ ಕಿವಿಗೆ ಬೀಳುವುದರಲ್ಲಿ ಭೇದ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಆ ಸಭೆಗೆ ಇನ್ನೊಬ್ಬ ಕೇಳುಗ ಬಂದು ಸೇರಿಕೊಂಡ. ಅದು ಟೇಪ್ ರೆಕಾರ್ಡರ್. ಕರಾವಳಿಯಿಂದ ಗಲ್ಫಿಗೆ ಹೋದ ಹುಡುಗರು ರಜೆಗೆ ಬರುವಾಗ ಸೆಂಟು, ಸೋಪುಗಳ ಜೊತೆ ತಂದ ಟೂ ಇನ್ ಒನ್‌ಗಳು ಅವರ ಮನೆಯಿಂದ ನೆರೆಮನೆಗೂ, ನೆರೆಮನೆಯಿಂದ ಆಟದ ಗದ್ದೆಗೂ ನಡೆದವು. ರೇಡಿಯೋ ಕೇಳಲು ತಂದ ಯಂತ್ರ ದನಿ ಹಿಡಿಯುವ ಯಂತ್ರವೂ ಆಯಿತು. ಅದರ ಹೊಟ್ಟೆಯೊಳಗೆ ಕಡಲೆಕಾಳಿನಷ್ಟು ಮೈಕು. ಧ್ವನಿಯ ಮಟ್ಟವನ್ನು ತಾನೇ ಸರಿಹೊಂದಿಸಿಕೊಳ್ಳುವ ಅದರ ಜಾಣತನವೇ ಅದರ ದೋಷವೂ ಆಗಿತ್ತು. ಚೆಂಡೆಯ ಪೆಟ್ಟು ಬಿದ್ದೊಡನೆ ಯಂತ್ರ ಬೆಚ್ಚಿ ಎಲ್ಲ ಸದ್ದನ್ನೂ ತಗ್ಗಿಸುತ್ತಿತ್ತು. ಭಾಗವತರ ದನಿ ಅದರಡಿ ಮುಳುಗಿ, ಚೆಂಡೆ ನಿಂತ ಮೇಲೆ ಮೆಲ್ಲಗೆ ತೇಲಿ ಬರುತ್ತಿತ್ತು. ಧ್ವನಿವರ್ಧಕದ ಪೆಟ್ಟಿಗೆಯ ಎದುರು ಇಟ್ಟರೆ ದನಿ ಒಡೆಯುತ್ತಿತ್ತು, ದೂರ ಇಟ್ಟರೆ ಜನರೇಟರಿನ ಗುಡುಗು ಸೇರುತ್ತಿತ್ತು. ಮೈಕ್‌ಸೆಟ್‌ನವನ ಸ್ನೇಹ ಇದ್ದವರಿಗೆ ಮಾತ್ರ ಆಂಪ್ಲಿಫಯರಿನಿಂದ ನೇರ ವಯರು ಸಿಗುತ್ತಿತ್ತು.

ಆ ಯಂತ್ರಗಳ ಕಾಲ ಮುಗಿದಿದೆ. ಈಗ ಕೊರಳಪಟ್ಟಿಗೆ ಸಿಕ್ಕಿಸಿಕೊಳ್ಳುವ ಮೈಕುಗಳಿವೆ, ಎಲ್ಲರ ಜೇಬಿನಲ್ಲೂ ಫೋನಿದೆ. ಪಕ್ಕದಲ್ಲಿ ಕೂತವನಿಗೂ ತಿಳಿಯದಂತೆ ಇಡೀ ಕಛೇರಿಯನ್ನೋ ಆಟವನ್ನೋ ತಾಳಮದ್ದಲೆಯನ್ನೋ ಮನೆಗೆ ಒಯ್ಯಬಹುದು. ಯಂತ್ರ ಬದಲಾಯಿತು, ಪ್ರಶ್ನೆ ಬದಲಾಗಿಲ್ಲ. ಸಭೆಯಲ್ಲಿ ಕೂತು ಕೇಳಲು ನನಗೆ ಹಕ್ಕಿದೆ. ಕೇಳಿದ್ದನ್ನು ಒಯ್ಯಲು ಹಕ್ಕಿದೆಯೇ? ಒಯ್ದದ್ದನ್ನು ಇನ್ನೊಬ್ಬರಿಗೆ ಕೊಡಲು? ಹಾಡಿದವರ ಗಂಟಲಿನಿಂದ ಹೊರಟು ನನ್ನ ಕಿವಿಗೆ ಬಿದ್ದ ದನಿ ಯಾರದು?

ಇದನ್ನು ಕೇವಲ ಕಳ್ಳತನದ ಪ್ರಶ್ನೆ ಎಂದು ಎತ್ತಿಕೊಂಡರೆ ಉತ್ತರ ಬೇಗ ಸಿಗುತ್ತದೆ, ಆದರೆ ತಪ್ಪಾಗಿ ಸಿಗುತ್ತದೆ. ಗುಂಡ್ಮಿ ಕಾಳಿಂಗ ನಾವಡರನ್ನು ನೆನೆಯಿರಿ. ಸಾಲಿಗ್ರಾಮ ಮೇಳದ ಈ ಭಾಗವತರು ಬಡಗುತಿಟ್ಟಿನ ಹಾಡುಗಾರಿಕೆಯ ದಿಕ್ಕನ್ನೇ ತಿರುಗಿಸಿದವರು. 1990ರ ಮೇ ತಿಂಗಳಲ್ಲಿ, ಮೂವತ್ತರ ಆಸುಪಾಸಿನ ಪ್ರಾಯದಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅಂಗಡಿಯಲ್ಲಿ ಮಾರಾಟವಾದ ಕ್ಯಾಸೆಟ್‌ಗಳು ಅವರವೂ ಇದ್ದವು. ಆದರೆ ನಡುರಾತ್ರಿಯ ಆಟದಲ್ಲಿ, ವೇಷಧಾರಿ ಎದುರು ನಿಂತು ಕುಣಿಯುತ್ತಿರುವಾಗ, ಸಭೆ ಎಚ್ಚೆತ್ತು ಕೂತಿರುವಾಗ ಅವರು ಹಾಡಿದ್ದು ಬೇರೆ. ಅದರಲ್ಲಿ ಇಂದು ಕೇಳಸಿಗುವ ಎಷ್ಟೋ ಪದ್ಯಗಳು ಪ್ರೇಕ್ಷಕರ ಸಾಲಿನಲ್ಲಿ ಮಡಿಲ ಮೇಲೆ ಯಂತ್ರವಿಟ್ಟುಕೊಂಡು ಕೂತವರಿಂದ ಉಳಿದವು. ಅವರು ಯಾರನ್ನೂ ಕೇಳಿರಲಿಕ್ಕಿಲ್ಲ. ಅವರು ಕಳ್ಳರೇ? ಹಾಗೆನ್ನಲು ನನ್ನ ನಾಲಗೆ ಏಳುವುದಿಲ್ಲ.

ಯಕ್ಷಗಾನದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಪದ್ಯಕ್ಕೆ ಪುಸ್ತಕವಿದೆ, ರಾಗ ಎಲ್ಲರದು. ಅರ್ಥಕ್ಕೆ ಪುಸ್ತಕವಿಲ್ಲ. ಪಾತ್ರಧಾರಿ ಆಡುವ ಮಾತು ಆ ರಾತ್ರಿ, ಆ ಎದುರಾಳಿಯ ಎದುರು, ಆ ಸಭೆಯ ಮುಖ ನೋಡಿ ಹುಟ್ಟುವುದು. ಬೆಳಗಾದರೆ ಅದು ಇಲ್ಲ. ತಾಳಮದ್ದಲೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಪದ್ಯ ಮತ್ತು ಮಾತು. ಕಾಸರಗೋಡಿನ ನೆಲದಿಂದ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹೀಗೆ ಜೀವಮಾನವಿಡೀ ಮಾತಾಡಿದರು. ಅವರ ಬಪ್ಪಬ್ಯಾರಿಯ ಪಾತ್ರವನ್ನು ಈ ಪತ್ರಿಕೆಯ ಓದುಗರಲ್ಲಿ ಹಿರಿಯರು ಕೆಲವರಾದರೂ ಕಂಡಿರಬೇಕು. ಮೂಲ್ಕಿಯ ಬಪ್ಪನಾಡಿನಲ್ಲಿ ದೇವಸ್ಥಾನ ಕಟ್ಟಿಸಿದ ಮುಸ್ಲಿಂ ವರ್ತಕನ ಐತಿಹ್ಯ ಅದು. ಒಬ್ಬ ಬ್ರಾಹ್ಮಣ ಕಲಾವಿದ ಟೊಪ್ಪಿ ತೊಟ್ಟು, ಬ್ಯಾರಿಯ ಕನ್ನಡದಲ್ಲಿ, ನಗಿಸುತ್ತಲೇ ಆ ಮನುಷ್ಯನ ಘನತೆಗೆ ಒಂದು ಕೂದಲೆಳೆಯೂ ಕುಂದು ತಾರದೆ ಮಾತಾಡುವುದು ಸಣ್ಣ ಸಂಗತಿಯಲ್ಲ. ಆ ಮಾತನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಹಿಡಿದಿಟ್ಟುಕೊಳ್ಳದಿದ್ದರೆ ಅದು ಇರುವುದೇ ಇಲ್ಲ.

ಉಳಿಸುವವನ ಪಕ್ಷದಲ್ಲಿ ಹೇಳಬಹುದಾದ್ದು ಇನ್ನೂ ಇದೆ. ಕಂಪೆನಿಗಳು, ಆಕಾಶವಾಣಿ, ಅಕಾಡೆಮಿಗಳು ಯಾರನ್ನು ಮುದ್ರಿಸಬೇಕೆಂದು ತೀರ್ಮಾನಿಸುವಾಗ ಹೊರಗುಳಿಯುವವರೇ ಹೆಚ್ಚು. ಕೈರೋದ ಶೇಖ್ ಅಬ್ದುಲ್ ಹಮೀದ್ ಕಿಶ್ಕ್‌ರ (1933–1996) ಶುಕ್ರವಾರದ ಪ್ರವಚನಗಳು ಸರಕಾರಿ ಮಾಧ್ಯಮದ ನೆರವಿಲ್ಲದೆ ಅರಬ್ ಜಗತ್ತಿನ ಟ್ಯಾಕ್ಸಿಗಳಲ್ಲಿ, ಚಾದಂಗಡಿಗಳಲ್ಲಿ ಕೇಳಿಬಂದದ್ದು ಕ್ಯಾಸೆಟ್‌ಗಳ ಬಲದಿಂದ. ನಮ್ಮ ಊರುಗಳ ಉರೂಸ್‌ಗಳಲ್ಲಿ ಹಾಡಿಹೋದ ಕವ್ವಾಲರು, ದಫ್ ಹೊಡೆದ ತಂಡಗಳು, ಗದ್ದೆಯಲ್ಲಿ ನೇಜಿ ನೆಡುತ್ತ ಪಾಡ್ದನ ಹೇಳಿದ ಹೆಂಗಸರು ಇವರನ್ನೆಲ್ಲ ಯಾವ ಕಂಪೆನಿ ಸ್ಟುಡಿಯೋಗೆ ಕರೆಯಿತು? ಅಂಥವರ ದನಿ ಎಲ್ಲಾದರೂ ಉಳಿದಿದ್ದರೆ ಅದು ಕೇಳುಗನೊಬ್ಬನ ಗುಂಡಿ ಒತ್ತಿದ ಬೆರಳಿನಿಂದ.

ಕಾನೂನು ಏನೆನ್ನುತ್ತದೆ ಎಂಬುದನ್ನೂ ಬೇಗ ನೋಡಿಬಿಡೋಣ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಆದರೆ ಹಾಡುವವರಿಗೆ, ಆಡುವವರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಬಂದದ್ದು 1994ರ ತಿದ್ದುಪಡಿಯಿಂದ. ಮೊದಲು 25 ವರ್ಷವಿದ್ದ ಆ ಹಕ್ಕು 1999ರಲ್ಲಿ 50 ವರ್ಷಕ್ಕೆ ಏರಿತು. ‘ಪ್ರದರ್ಶಕ’ ಎಂಬ ಪದದ ವಿವರಣೆಯಲ್ಲಿ ನಟ, ಗಾಯಕ, ನರ್ತಕರ ಜೊತೆ ಭಾಷಣಕಾರನೂ ಇದ್ದಾನೆ, ಹಾವಾಡಿಗನೂ ಇದ್ದಾನೆ. ಅರ್ಥಧಾರಿಗೆ ಅಲ್ಲಿ ಜಾಗವಿದೆ ಎಂದಾಯಿತು. ಮುದ್ರಿಸಿಕೊಂಡವನು ತನ್ನ ಖಾಸಗಿ ಬಳಕೆಗೆ ಇಟ್ಟುಕೊಂಡರೆ, ಅಥವಾ ಪ್ರಾಮಾಣಿಕವಾದ ಬೋಧನೆ, ಸಂಶೋಧನೆಗೆ ಮಾತ್ರ ಮುದ್ರಿಸಿಕೊಂಡರೆ ಅದು ಉಲ್ಲಂಘನೆಯಲ್ಲ ಎಂದೂ ಕಾಯ್ದೆ ಹೇಳುತ್ತದೆ. 2012ರ ತಿದ್ದುಪಡಿ ಇನ್ನೊಂದು ಹೆಜ್ಜೆ ಇಟ್ಟು, ತನ್ನ ಪ್ರದರ್ಶನವನ್ನು ತಿರುಚಿ ಮಾನ ಕಳೆಯುವುದನ್ನು ಆಕ್ಷೇಪಿಸುವ ಹಕ್ಕನ್ನೂ ಕಲಾವಿದನಿಗೆ ಕೊಟ್ಟಿತು. ಕಾನೂನಿನ ಮಟ್ಟಿಗೆ ಇದು ವಿವೇಕದ ಗೆರೆಯೇ. ಆದರೆ ಕಾನೂನು ಮೌನವಾಗಿರುವ ಕಡೆ ನೀತಿಯೂ ಮೌನವಾಗಿರಬೇಕೆಂದಿಲ್ಲ. ಖಾಸಗಿಯಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ ಎಂದ ಮಾತ್ರಕ್ಕೆ, ಹಾಡುವವಳು ಬೇಡವೆಂದರೂ ಇಟ್ಟುಕೊಳ್ಳಬಹುದೇ?

‘ಬೇಡ’ ಎಂದವರೊಬ್ಬರಿದ್ದರು. ಬಾಬಾ ಅಲಾವುದ್ದೀನ್ ಖಾನ್‌ರ ಮಗಳು ಅನ್ನಪೂರ್ಣಾ ದೇವಿ. ಸುರ್‌ಬಹಾರ್ ವಾದನದಲ್ಲಿ ತಂದೆಯ ವಿದ್ಯೆಯನ್ನು ಪೂರ್ತಿಯಾಗಿ ಧರಿಸಿದವರೆಂದು ಬಲ್ಲವರು ಹೇಳುತ್ತಾರೆ. ಐವತ್ತರ ದಶಕದಲ್ಲಿ ಸಾರ್ವಜನಿಕ ವಾದನವನ್ನೇ ನಿಲ್ಲಿಸಿದರು. ಮತ್ತೆ ಆರು ದಶಕ ಮುಂಬಯಿಯ ಮನೆಯೊಳಗೆ ಶಿಷ್ಯರಿಗೆ ಕಲಿಸಿದರು, ಧ್ವನಿಮುದ್ರಣಕ್ಕೆ ಒಪ್ಪಲಿಲ್ಲ. 2018ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರದೆಂದು ಇಂದು ಕೈಯಿಂದ ಕೈಗೆ ದಾಟುವ ಕೆಲವೇ ಮುದ್ರಣಗಳು ಅವರಿಗೆ ತಿಳಿಯದಂತೆ ಹಿಡಿದವು ಎಂಬುದು ಸಂಗೀತವಲಯದಲ್ಲಿ ಎಲ್ಲರೂ ಹೇಳುವ ಮಾತು. ಸದ್ದಿನ ಗುಣಮಟ್ಟವೂ ಅದನ್ನೇ ಹೇಳುತ್ತದೆ. ಮಸುಕಾದ ಸದ್ದಿನ ಒಳಗಿಂದ ಬರುವ ಆ ವಾದನ ಕೇಳಿದವರು ಬೆರಗಾಗುತ್ತಾರೆ. ಆ ಬೆರಗಿಗೆ ಬೆಲೆ ಕೊಟ್ಟವರು ಯಾರು? ಒಬ್ಬ ಹೆಂಗಸು ತನ್ನ ಬಗ್ಗೆ ತಾನು ಮಾಡಿಕೊಂಡ ಒಂದು ನಿರ್ಧಾರವನ್ನು ಮುರಿದದ್ದರಿಂದ ಆ ಸುಖ ನಮಗೆ ಬಂತು. ‘ಜಗತ್ತಿಗೆ ಇಂಥ ಸಂಗೀತ ಸಿಗದೇ ಹೋಗುತ್ತಿತ್ತಲ್ಲ’ ಎಂಬ ವಾದ ನನಗೆ ಗೊತ್ತು. ಜಗತ್ತಿಗೆ ಏನೆಲ್ಲ ಸಿಗಬೇಕೋ ಅದನ್ನು ಕೊಡುವ ಸಾಲವನ್ನು ಆಕೆ ಹೊತ್ತಿದ್ದರೇ? ಕಾಳಿಂಗ ನಾವಡರ ಕ್ಯಾಸೆಟ್‌ಗೂ ಈ ಮುದ್ರಣಕ್ಕೂ ನಡುವೆ ಒಂದು ಗೆರೆಯಿದೆ. ಎರಡೂ ಕೇಳದೆ ಹಿಡಿದವೇ. ಆದರೆ ಒಂದು ಕಡೆ ಬಯಲಿನಲ್ಲಿ ಎಲ್ಲರ ಕಣ್ಣೆದುರು ಯಂತ್ರವಿತ್ತು, ಬೇಡವೆನ್ನಬಹುದಾಗಿದ್ದವರು ಬೇಡವೆನ್ನಲಿಲ್ಲ. ಇನ್ನೊಂದು ಕಡೆ ಬೇಡವೆಂದ ಮೇಲೆ ಯಂತ್ರವನ್ನು ಬಚ್ಚಿಡಲಾಯಿತು. ಸಣ್ಣ ಮೈಕಿನ ಬಗೆಗೆ ನನಗಿರುವ ಅಳುಕು ಇದೇ. ಅದರ ಗುಣವೆಂದು ಜಾಹೀರಾತಿನಲ್ಲಿ ಹೇಳುವುದು ಅದು ಕಾಣುವುದಿಲ್ಲ ಎಂಬುದನ್ನೇ.

ಇಲ್ಲಿ ನಮ್ಮ ಪರಂಪರೆಯ ಒಂದು ಪದ ನೆರವಿಗೆ ಬರುತ್ತದೆ: ಅಮಾನತು. ಬ್ಯಾಂಕಿನವರು, ಸರಕಾರದವರು ಈ ಪದಕ್ಕೆ ಬೇರೆ ಬೇರೆ ಅರ್ಥ ಹಚ್ಚಿದ್ದಾರೆ. ಮೂಲದಲ್ಲಿ ಅದು ನಂಬಿ ಒಪ್ಪಿಸಿದ್ದು. ಒಬ್ಬನು ಮಾತಾಡುವಾಗ ಅತ್ತಿತ್ತ ತಿರುಗಿ ನೋಡಿದರೆ ಆ ಮಾತು ಕೇಳಿದವನಲ್ಲಿ ಅಮಾನತು ಎಂಬರ್ಥದ ಪ್ರವಾದಿವಚನವಿದೆ. ‘ಇದು ಗುಟ್ಟು’ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ, ತಿರುಗಿ ನೋಡಿದ್ದೇ ಸಾಕು. ಅಂದರೆ ಕೇಳಿಸಿಕೊಂಡವನು ಮಾತಿನ ಒಡೆಯನಲ್ಲ, ಕಾವಲುಗಾರ. ಕಾವಲುಗಾರನಿಗೆ ಎರಡು ಹೊಣೆ. ಸೊತ್ತನ್ನು ಹಾಳುಗೆಡವಬಾರದು, ತನ್ನದೆಂದು ಬಳಸಲೂಬಾರದು. ಕಳ್ಳ ಅಥವಾ ಉಪಕಾರಿ ಎಂಬ ಎರಡೇ ಮನೆಗಳಲ್ಲಿ ಧ್ವನಿಮುದ್ರಕನನ್ನು ಕೂರಿಸುವುದಕ್ಕಿಂತ ಈ ಮೂರನೆಯ ಮನೆ ಅವನಿಗೆ ಒಪ್ಪುತ್ತದೆ.

ಇದು ಬರಿಯ ಪದದ ಆಟವಲ್ಲ. ಹದೀಸ್ ವಿದ್ಯೆಯಲ್ಲಿ ಕೇಳುವುದಕ್ಕೂ ದಾಟಿಸುವುದಕ್ಕೂ ನಡುವೆ ಒಂದು ಇಡೀ ಶಿಸ್ತು ಬೆಳೆದಿತ್ತು. ಗುರು ಓದುವುದನ್ನೋ ಗುರುವಿನ ಮುಂದೆ ಓದುವುದನ್ನೋ ಕೂತು ಕೇಳುವುದು ‘ಸಮಾಅ್’. ಇತರರಿಗೆ ದಾಟಿಸಲು ಕೊಡುವ ಅನುಮತಿ ‘ಇಜಾಝತ್’. ದಮಾಸ್ಕಸ್‌ನಂಥ ನಗರಗಳ ಹಳೆಯ ಹಸ್ತಪ್ರತಿಗಳ ಅಂಚಿನಲ್ಲಿ, ಕೊನೆಯ ಪುಟದಲ್ಲಿ ಈ ಕೇಳುಗರ ಪಟ್ಟಿಗಳಿವೆ. ಯಾರು ಓದಿದರು, ಯಾವ ಮನೆಯಲ್ಲಿ ಅಥವಾ ಮಸೀದಿಯಲ್ಲಿ, ಯಾವ ದಿನ, ಯಾರ್‍ಯಾರು ಕೂತಿದ್ದರು ಎಲ್ಲವೂ ಅದರಲ್ಲಿ ಇರುತ್ತದೆ. ಗಂಡಸರು, ಹೆಂಗಸರು, ಮಕ್ಕಳು, ಆಳುಗಳು ಯಾರನ್ನೂ ಬಿಟ್ಟಿಲ್ಲ. ಇನ್ನೂ ಸ್ವಾರಸ್ಯವೆಂದರೆ ಯಾರು ತಡವಾಗಿ ಬಂದರು, ಯಾರು ನಡುವೆ ತೂಕಡಿಸಿದರು, ಯಾರು ಹರಟುತ್ತಿದ್ದರು ಎಂಬುದನ್ನೂ ಕೆಲವೆಡೆ ಬರೆದಿಟ್ಟಿದ್ದಾರೆ. ನಿದ್ದೆ ಹೋದವನಿಗೆ ದಾಟಿಸುವ ಹಕ್ಕು ಪೂರ್ತಿ ಇರಲಿಲ್ಲ! ಜೇಬಿನಲ್ಲಿ ಫೋನು ಓಡಲು ಬಿಟ್ಟು ತಾನು ಗೊರಕೆ ಹೊಡೆಯುವ ಇಂದಿನ ಕೇಳುಗನನ್ನು ಆ ಲಿಪಿಕಾರರು ಯಾವ ಸಾಲಿನಲ್ಲಿ ಸೇರಿಸುತ್ತಿದ್ದರೋ.

ಅದೇ ‘ಸಮಾಅ್’ ಎಂಬ ಪದಕ್ಕೆ ಸೂಫಿಗಳಲ್ಲಿ ಹಾಡು ಕೇಳುವುದು ಎಂಬರ್ಥವಿದೆ. ಸಂಗೀತ ಸಮ್ಮತವೇ ಎಂಬುದರಲ್ಲಿ ವಿದ್ವಾಂಸರ ನಡುವೆ ಹಳೆಯ ಭಿನ್ನಾಭಿಪ್ರಾಯವಿದೆ, ಅದು ಈ ಬರಹದ ವಿಷಯವಲ್ಲ. ಹಾಡು ಕೇಳುವುದಕ್ಕೆ ತಕ್ಕ ಸಮಯ, ತಕ್ಕ ಸ್ಥಳ, ತಕ್ಕ ಸಂಗಾತಿಗಳು ಎಂಬ ಮೂರು ಬೇಕೆಂದು ಜುನೈದ್ ಬಗ್ದಾದಿ ಹೇಳಿದ್ದನ್ನು ಇಮಾಮ್ ಗಝಾಲಿ ತಮ್ಮ ‘ಇಹ್ಯಾ’ದಲ್ಲಿ ಎತ್ತಿಕೊಂಡು ವಿವರಿಸುತ್ತಾರೆ. ಧ್ವನಿಮುದ್ರಣ ಮಾಡುವ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಬಿಡಿಸಿ ಹೇಳಲಾಗದು. ಯಂತ್ರವು ಸದ್ದನ್ನು ಒಯ್ಯುತ್ತದೆ. ಸಮಯ, ಸ್ಥಳ, ಸಂಗಾತಿಗಳನ್ನು ಅಲ್ಲೇ ಬಿಟ್ಟು ಬರುತ್ತದೆ. ಸಭೆಗಾಗಿ ಹುಟ್ಟಿದ ದನಿ ಸಭೆಯಿಲ್ಲದೆ ಊರೂರು ಅಲೆಯತೊಡಗುತ್ತದೆ.

ಅಲೆದರೆ ಏನು ತೊಂದರೆ? ಮೂಲಕ್ಕೆ ಏನೂ ನಷ್ಟವಿಲ್ಲವಲ್ಲ, ದೀಪದಿಂದ ದೀಪ ಹಚ್ಚಿದಂತೆ ಎನ್ನುವವರಿದ್ದಾರೆ. ಈ ಗುಡ್ಡಗಳಲ್ಲಿ ಬದುಕುವವರು ಆ ವಾದವನ್ನು ತುಸು ಎಚ್ಚರದಿಂದ ಕೇಳಬೇಕು. ಇಲ್ಲಿಯ ಇಡೀ ಬದುಕು ನಿಂತಿರುವುದು ಕೇಳದೆ ತಂದ ಒಂದು ಹಿಡಿ ಬೀಜದ ಮೇಲೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಹಜ್ಜಿನಿಂದ ಮರಳುವಾಗ ಯೆಮನ್‌ನ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣದ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯ ಚಿಕ್ಕಮಗಳೂರಿನ ಮಕ್ಕಳಿಗೂ ಗೊತ್ತು. ಮೊಳೆಯುವ ಬೀಜ ಹೊರಗೆ ಹೋಗಕೂಡದೆಂಬ ಕಟ್ಟಳೆ ಅಲ್ಲಿ ಇತ್ತೆಂದೂ ಅದೇ ಐತಿಹ್ಯ ಹೇಳುತ್ತದೆ. ನಾವ್ಯಾರೂ ಅದನ್ನು ಕಳ್ಳತನವೆಂದು ಹೇಳುವುದಿಲ್ಲ, ಬರಕತ್ತು ಎನ್ನುತ್ತೇವೆ. ಏಳು ಬೀಜ ಹೋದದ್ದರಿಂದ ಯೆಮನ್‌ನ ಒಂದು ಗಿಡವೂ ಒಣಗಲಿಲ್ಲ ಎಂಬುದೂ ನಿಜ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಶತಮಾನದ ಕೊನೆಗೆ ಡಚ್ಚರು ಮಲಬಾರಿನಿಂದ ಕಾಫಿ ಸಸಿಗಳನ್ನು ಜಾವಾಕ್ಕೆ ಒಯ್ದರು. ಅಲ್ಲಿಯ ತೋಟಗಳ ಬೆಳೆ ಯೂರೋಪಿನ ಮಾರುಕಟ್ಟೆಗೆ ಬಂದ ಮೇಲೆ, ಹದಿನೆಂಟನೆಯ ಶತಮಾನದಲ್ಲಿ ಮೋಕಾದ ವೈಭವ ಇಳಿಯಿತು. ಬಿತ್ತಲು ತಂದವನ ಕೈ ಒಂದು, ವ್ಯಾಪಾರಕ್ಕೆ ಒಯ್ದವನ ಕೈ ಇನ್ನೊಂದು. ಬೀಜಕ್ಕೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಕ್ಯಾಸೆಟ್‌ಗೂ ತಿಳಿಯುವುದಿಲ್ಲ. ಮನೆಯಲ್ಲಿ ಕೇಳಲೆಂದು ಹಿಡಿದದ್ದು ನೆಂಟರಿಗೆ ಹೋಯಿತು, ನೆಂಟರಿಂದ ಕ್ಯಾಸೆಟ್ ಅಂಗಡಿಗೆ ಹೋಯಿತು, ಅಲ್ಲಿ ನಕಲಾಗಿ ಮಾರಾಟವಾಯಿತು. ಹಾಡಿದವರಿಗೆ ಆ ರಾತ್ರಿಯ ಸಂಬಳ ಬಿಟ್ಟರೆ ಬೇರೇನೂ ಸಿಗಲಿಲ್ಲ. ಯಕ್ಷಗಾನ ಕಲಾವಿದನಿಗೆ ವರ್ಷದಲ್ಲಿ ಆರೇಳು ತಿಂಗಳ ದುಡಿಮೆ, ಮಳೆಗಾಲಕ್ಕೆ ಬೇರೆ ದಾರಿ ನೋಡಬೇಕು. ಅವನ ದನಿಯಿಂದ ಇನ್ನೊಬ್ಬನ ಅಂಗಡಿ ನಡೆದರೆ, ಈಗ ಇನ್ನೊಬ್ಬನ ಯೂಟ್ಯೂಬ್ ಚಾನೆಲ್ ನಡೆದರೆ, ‘ಕಲಾಸೇವೆ’ ಎಂಬ ಹೆಸರು ಅದಕ್ಕೆ ಸಲ್ಲುವುದಿಲ್ಲ. ಮಾರಿದವನ ಮೇಲಿನ ಸಿಟ್ಟನ್ನು ಉಳಿಸಿದವನ ಮೇಲೆ ತೀರಿಸಬಾರದು ಎಂಬುದೂ ಅಷ್ಟೇ ಸರಿ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ತಂಡ 1984ರಿಂದ ತನ್ನ ಕಛೇರಿಗಳಲ್ಲಿ ಧ್ವನಿಮುದ್ರಣ ಮಾಡುವ ಕೇಳುಗರಿಗೆಂದೇ ಪ್ರತ್ಯೇಕ ಜಾಗ ಬಿಟ್ಟುಕೊಟ್ಟಿತು. ಹಿಡಿಯಿರಿ, ಹಂಚಿಕೊಳ್ಳಿ, ಮಾರಬೇಡಿ ಎಂಬುದಿಷ್ಟೇ ಅವರ ಷರತ್ತು. ತಂಡ ಅದರಿಂದ ಬಡವಾಗಲಿಲ್ಲ. ನಮ್ಮ ಮೇಳಗಳು, ಸಂಗೀತ ಸಭೆಗಳು ಇಂಥ ನೇರ ಮಾತಿಗೆ ಯಾಕೆ ಹಿಂಜರಿಯಬೇಕು? ಟಿಕೇಟಿನ ಹಿಂಬದಿಯಲ್ಲಿ ಎರಡು ಸಾಲು ಅಚ್ಚು ಹಾಕಿದರೆ ಸಾಕು.

ಕೇಳಬೇಕು ಎಂದರೆ ಯಾರನ್ನು ಎಂಬ ತೊಡಕು ಉಳಿಯುತ್ತದೆ. ಹರಕೆಯ ಆಟವಾದರೆ ಆಡಿಸಿದ ಮನೆಯವರಿದ್ದಾರೆ, ಮೇಳಕ್ಕೆ ಯಜಮಾನರಿದ್ದಾರೆ, ಭಾಗವತರು, ಚೆಂಡೆ ಮದ್ದಲೆಯವರು, ಹತ್ತಾರು ವೇಷಧಾರಿಗಳು. ಎಲ್ಲರನ್ನೂ ಕೇಳಿ ಬರುವಷ್ಟರಲ್ಲಿ ಮಂಗಳ ಹಾಡಿ ಆಗಿರುತ್ತದೆ! ಆದರೂ ಚೌಕಿಗೆ ಹೋಗಿ ಭಾಗವತರಿಗೆ ನಮಸ್ಕರಿಸಿ, ‘ಒಂದಿಷ್ಟು ಹಿಡಿದುಕೊಳ್ಳಲೇ?’ ಎಂದು ಕೇಳುವುದಕ್ಕೆ ಎರಡು ನಿಮಿಷ ಸಾಕು. ಹೆಚ್ಚಿನವರು ಬೇಡವೆನ್ನುವುದಿಲ್ಲ. ಕೆಲವರು ‘ಇವತ್ತು ಗಂಟಲು ಸರಿಯಿಲ್ಲ, ನಾಳೆ ಬನ್ನಿ’ ಎಂದಾರು. ಆ ಮಾತಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಕೆಟ್ಟ ರಾತ್ರಿಯೊಂದು ಮರೆತುಹೋಗಲಿ ಎಂದು ಬಯಸುವ ಹಕ್ಕು ಕಲಾವಿದನಿಗೆ ಬೇಡವೇ? ಯಂತ್ರ ಬರುವ ಮೊದಲು ಅದು ತಾನಾಗಿ ಸಿಗುತ್ತಿತ್ತು. ಒಡೆದ ಸ್ವರ, ತಪ್ಪಿದ ತಾಳ, ಮರೆತ ಪದ್ಯ ಬೆಳಗಿನ ಮಂಜಿನ ಜೊತೆ ಕರಗಿ ಹೋಗುತ್ತಿದ್ದವು. ಈಗ ಅದನ್ನು ನಾವು ಕೈಯಾರೆ ಕೊಡಬೇಕಾಗಿದೆ.

ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದರೆ ಸಿಗುವ ಬೆಳ್ತಂಗಡಿ ತಾಲೂಕಿನಲ್ಲಿ ಕೇಳಿ ಹಿಡಿದದ್ದರ ಒಂದು ದೊಡ್ಡ ಉದಾಹರಣೆಯಿದೆ. ಮಾಚಾರಿನ ಗೋಪಾಲ ನಾಯ್ಕರು ಹೇಳಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆಗೂಡಿ 1990ರ ಡಿಸೆಂಬರಿನಲ್ಲಿ ಮುದ್ರಿಸಿಕೊಂಡರು. ಬರಹಕ್ಕೆ ಇಳಿಸಿದಾಗ ಅದು 15,683 ಸಾಲು. 1998ರಲ್ಲಿ ಪುಸ್ತಕ ಬಂದಾಗ ಅದರ ಹೆಸರಿನೊಳಗೇ ಗೋಪಾಲ ನಾಯ್ಕರ ಹೆಸರಿತ್ತು. ಜಾನಪದ ಸಂಗ್ರಹಗಳಲ್ಲಿ ‘ಹಾಡಿದವರು: ಒಬ್ಬ ಮುದುಕಿ’ ಎಂದು ಮುಗಿಸಿಬಿಡುತ್ತಿದ್ದ ಕಾಲವನ್ನು ನೆನೆದರೆ ಇದು ಎಂಥ ದೂರ ಎಂದು ತಿಳಿಯುತ್ತದೆ.

ಹಿಡಿಯುವವನ ಇನ್ನೊಂದು ಸ್ವಾತಂತ್ರ್ಯದ ಬಗ್ಗೆ ನಾವು ಕಡಿಮೆ ಮಾತಾಡುತ್ತೇವೆ. ಯಾವುದನ್ನು ಬಿಡಬೇಕು ಎಂಬ ಸ್ವಾತಂತ್ರ್ಯ ಅದು. ಎಂಟು ಗಂಟೆಯ ಆಟಕ್ಕೆ 90 ನಿಮಿಷದ ಕ್ಯಾಸೆಟ್ ಆರು ಬೇಕು. ಕೂಲಿ ಉಳಿಸಿ ಎರಡು ಕೊಂಡವನು ಏನು ಮಾಡಬೇಕು? ತನ್ನ ಮೆಚ್ಚಿನ ಭಾಗವತರು ಬಂದಾಗ ಗುಂಡಿ ಒತ್ತುತ್ತಿದ್ದ, ಸಂಗೀತಗಾರ ಎಂದು ಕರೆಯುವ ಎಳೆಯ ಹಾಡುಗಾರ ಕೂತಾಗ ನಿಲ್ಲಿಸುತ್ತಿದ್ದ. ದೊಡ್ಡ ಅರ್ಥಧಾರಿಯ ಮಾತು ಹಿಡಿಯುತ್ತಿದ್ದ, ಅದಕ್ಕೆ ಕಿಡಿ ಹೊತ್ತಿಸಿದ ಎದುರು ಪಾತ್ರದ ಪ್ರಶ್ನೆಯನ್ನು ಬಿಡುತ್ತಿದ್ದ. 1940ರ ದಶಕದ ಕೊನೆಗೆ ಡೀನ್ ಬೆನೆಡೆಟಿ ಎಂಬ ಅಮೆರಿಕದ ವಾದಕ ಚಾರ್ಲಿ ಪಾರ್ಕರನ ಹಿಂದೆ ಯಂತ್ರ ಹೊತ್ತು ತಿರುಗಿ, ಅವನ ಸ್ಯಾಕ್ಸೊಫೋನು ಕೇಳುವಾಗಷ್ಟೇ ಮುದ್ರಿಸಿ, ಉಳಿದವರ ಸರದಿ ಬಂದಾಗ ನಿಲ್ಲಿಸಿದ ಕಥೆ ಜಾಝ್ ಪ್ರಿಯರಲ್ಲಿ ಪ್ರಸಿದ್ಧ. ಪ್ರೀತಿಗೂ ಹೀಗೊಂದು ಕುರುಡಿದೆ. ಟೇಪಿನ ಬೆಲೆ ಇದ್ದ ಕಾಲದಲ್ಲಿ ಅದನ್ನು ಅರ್ಥಮಾಡಿಕೊಳ್ಳಬಹುದಿತ್ತು. ಈಗ ಜಾಗದ ಕೊರತೆಯಿಲ್ಲ, ಆದರೂ ತುಂಡು ಮಾಡುವುದು ಹೆಚ್ಚಾಗಿದೆ.

ತುಂಡು ಮಾಡುವುದರಲ್ಲೇ ಇಂದಿನ ಅಪಾಯ ಇರುವುದು. ಆಟದಲ್ಲಿ ಕಂಸನಿದ್ದಾನೆ, ರಾವಣನಿದ್ದಾನೆ. ಅವರು ದೇವರನ್ನು ಹಳಿಯದೆ ಇರುವುದಿಲ್ಲ, ಹಳಿದರೇ ಪಾತ್ರ. ಬಪ್ಪಬ್ಯಾರಿ ದೇವಿಯ ಎದುರು ನಿಂತು ತನ್ನ ನಂಬಿಕೆಯ ಬಗ್ಗೆ ಆಡುವ ಮಾತೂ ಹಾಗೆಯೇ. ಇಡೀ ರಾತ್ರಿ ಕೂತವನಿಗೆ ಅದರ ಹಿಂದುಮುಂದು ಗೊತ್ತು. ಅದೇ ಮಾತನ್ನು ಮೂವತ್ತು ಸೆಕೆಂಡಿಗೆ ಕತ್ತರಿಸಿ ಫೋನಿನಲ್ಲಿ ಕಳಿಸಿದರೆ, ಕೇಳಿದವನಿಗೆ ಪಾತ್ರ ಕಾಣುವುದಿಲ್ಲ, ಕಲಾವಿದನ ಜಾತಿ ಕಾಣುತ್ತದೆ, ಧರ್ಮ ಕಾಣುತ್ತದೆ. ಮಸೀದಿಯ ಪ್ರವಚನಕ್ಕೂ ಮಠದ ಪ್ರವಚನಕ್ಕೂ ಇದೇ ಗತಿ. ಕರಾವಳಿ, ಮಲೆನಾಡುಗಳಲ್ಲಿ ಒಂದು ವಾಕ್ಯದ ತುಂಡು ಏನು ಮಾಡಬಲ್ಲದು ಎಂದು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಅರ್ಥಧಾರಿ ವೇದಿಕೆಯ ಮೇಲೆ ಕೂತು ಎದುರಿನ ಕತ್ತಲಿನಲ್ಲಿ ಎಷ್ಟು ಫೋನುಗಳಿವೆ ಎಂದು ಎಣಿಸತೊಡಗಿದರೆ, ಅವನ ಬಾಯಿಂದ ಇನ್ನು ಬರುವುದು ಯಾರಿಗೂ ತಾಗದ ಮಾತು, ಮೊದಲೇ ಬಾಯಿಪಾಠ ಮಾಡಿಕೊಂಡ ಮಾತು. ಅದನ್ನು ಉಳಿಸಿ ಏನು ಪ್ರಯೋಜನ? ಕದ್ದ ದನಿ ಕಲಾವಿದನ ಹಣವನ್ನಷ್ಟೇ ಒಯ್ದರೆ ಸಹಿಸಬಹುದಿತ್ತೇನೋ. ಅದು ಅವನ ಧೈರ್ಯವನ್ನು ಒಯ್ಯುತ್ತದೆ. ಕತ್ತರಿಸಿ ಹಂಚುವವನ ಅಪರಾಧವನ್ನು ನಾನು ಮಾರುವವನ ಅಪರಾಧಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ.

ಇಷ್ಟೆಲ್ಲದರ ನಡುವೆ ಹಳೆಯ ಕ್ಯಾಸೆಟ್‌ಗಳು ಅಟ್ಟದ ಮೇಲೆ ಇವೆ. ಮಲೆನಾಡಿನ ಮಳೆಗಾಲ ಅವುಗಳ ಮಿತ್ರನಲ್ಲ. ಥಂಡಿಗೆ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ, ಸುರುಳಿಗಳು ಒಂದಕ್ಕೊಂದು ಅಂಟುತ್ತವೆ. ಹಿಡಿದವರು ತೀರಿಕೊಂಡಿದ್ದಾರೆ ಅಥವಾ ಮುದುಕರಾಗಿದ್ದಾರೆ, ಮನೆಯಲ್ಲಿ ಅದನ್ನು ಕೇಳಿಸುವ ಯಂತ್ರವೂ ಇಲ್ಲ. ಬಚ್ಚಿಟ್ಟು ಕೊಳೆಯಿಸುವುದೂ ಅಮಾನತಿಗೆ ಬಗೆದ ದ್ರೋಹವೇ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಇಂಥ ಧ್ವನಿ, ದೃಶ್ಯಗಳ ಸಂಗ್ರಹಕ್ಕೆ ಬಹಳ ಹಿಂದೆಯೇ ಕೈಹಾಕಿತ್ತು. ಅಂಥಲ್ಲಿಗೆ ಒಪ್ಪಿಸಬಹುದು. ಒಪ್ಪಿಸುವ ಮೊದಲು ಹಾಡಿದವರ ಮನೆಗೆ ಒಂದು ಪ್ರತಿ ಕೊಡಬಹುದು. ಎಷ್ಟೋ ಕಲಾವಿದರ ಮಕ್ಕಳ ಬಳಿ ತಂದೆಯ ದನಿ ಇಲ್ಲ, ಊರಿನ ಯಾರದೋ ಅಟ್ಟದಲ್ಲಿ ಇರುತ್ತದೆ.

ಒಪ್ಪಿಸಲು ಹೋದಾಗ ಸಂಗ್ರಹದವರು ಮೊದಲು ಕೇಳುವುದು ಎಲ್ಲಿ, ಯಾವಾಗ, ಯಾರ್‍ಯಾರು ಎಂದು. ಕ್ಯಾಸೆಟ್‌ನ ಚೀಟಿಯ ಮೇಲೆ ಸಾಮಾನ್ಯವಾಗಿ ಇರುವುದು ಪ್ರಸಂಗದ ಹೆಸರು ಮತ್ತು ಭಾಗವತರ ಹೆಸರು. ದಿನಾಂಕ ಇರುವುದಿಲ್ಲ, ಆಟ ಕಳಸದಲ್ಲಿ ಆಯಿತೋ ಕೊಪ್ಪದಲ್ಲೋ ಇರುವುದಿಲ್ಲ. ನಾಲ್ಕಾರು ಮಳೆಗಾಲ ಕಂಡ ಚೀಟಿಯಲ್ಲಿ ಶಾಯಿ ಹಬ್ಬಿ ಪ್ರಸಂಗದ ಹೆಸರೂ ಅರ್ಧಂಬರ್ಧ ಉಳಿದಿರುತ್ತದೆ. ಮದ್ದಲೆಯವರ ಹೆಸರನ್ನು ಮೊದಲೇ ಬರೆದಿರಲಿಲ್ಲ.